ಮೊದಲು ಸೆಲ್ಫ್ ಹೊಡೆಯಬೇಡಿ

ಜೀಪಿನ ಕೀ ತಿರುಗಿಸಿದಾಗ ಬರೀ ‘ಟಕ್’ ಎಂದು ಸುಮ್ಮನಾದರೆ ಇಂಜಿನ್ ಚಾಲೂ ಮಾಡುವ ಸೆಲ್ಫ್ ಮೋಟಾರು ಸಿಕ್ಕಿಕೊಂಡಿದೆ ಎಂದರ್ಥ. ಆಗ ಬಾನೆಟ್ ಎತ್ತಿ, ಸ್ಪ್ಯಾನರಿನಿಂದ ಮೋಟಾರಿನ ಮೈಗೆ ಎರಡು ಸಲ ಮೆಲ್ಲಗೆ ತಟ್ಟಿ, ಮತ್ತೆ ಕೀ ತಿರುಗಿಸಿದರೆ ಹೆಚ್ಚಿನ ಸಲ ಗಾಡಿ ಸ್ಟಾರ್ಟ್ ಆಗುತ್ತದೆ. ಕೊಟ್ಟಿಗೆಹಾರದ ನನ್ನ ಶೆಡ್ಡಿನಲ್ಲಿ ಇದನ್ನು ಎಷ್ಟು ಸಲ ಮಾಡಿದ್ದೇನೋ ನೆನಪಿಲ್ಲ. ಆ ಸದ್ದು ಕಿವಿಗೆ ಬಿದ್ದರೆ ಸಾಕು, ಕೈ ತಾನಾಗಿ ಸ್ಪ್ಯಾನರ್ ಹುಡುಕುತ್ತದೆ. ತಂಗಿಯ ಎರಡು ಮಳೆಗಾಲದ ಕೆಲಸವನ್ನು ನಾನು ಹಾಳು ಮಾಡಿದ್ದು ಈ ಅಭ್ಯಾಸದಿಂದ.

ತಂಗಿ ಯೂನಿವರ್ಸಿಟಿಯಲ್ಲಿ ಕಪ್ಪೆಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಕಪ್ಪೆ ಹಿಡಿಯುವುದಿಲ್ಲ, ಅವುಗಳ ಕೂಗನ್ನು ರೆಕಾರ್ಡ್ ಮಾಡಿಕೊಳ್ಳುತ್ತಾಳೆ. ಮಳೆಗಾಲದಲ್ಲಿ ಸಂಜೆಯಾದರೆ ಅವಳನ್ನು, ಅವಳ ಮೈಕು ಕೊಡೆಗಳನ್ನು ಜೀಪಿನಲ್ಲಿ ಹಾಕಿಕೊಂಡು ಹಳ್ಳಗಳ ಹತ್ತಿರ ಬಿಡುತ್ತಿದ್ದವನು ನಾನು. “ನೀನು ಇಂಜಿನ್ನಿನ ಸದ್ದು ಕೇಳಿ ಕಾಯಿಲೆ ಹೇಳ್ತೀಯ, ನಾನು ಕಪ್ಪೆ ಸದ್ದು ಕೇಳಿ ಜಾತಿ ಹೇಳ್ತೀನಿ. ಇಬ್ಬರದ್ದೂ ಕಿವಿ ಕೆಲಸವೇ ಅಣ್ಣ” ಎನ್ನುತ್ತಿದ್ದಳು. ನನಗೆ ಅದು ದೊಡ್ಡ ಹೆಮ್ಮೆಯ ಮಾತು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು.

ಚಾರ್ಮಾಡಿ ಕಡೆ ಹೋಗುವಾಗ ಒಂದು ಹಳ್ಳವಿತ್ತು. ದಡದಲ್ಲಿ ಬೆತ್ತದ ಪೊದೆಗಳಿದ್ದುದರಿಂದ ನಾವು ಅದನ್ನು ಬೆತ್ತದ ಹಳ್ಳ ಎನ್ನುತ್ತಿದ್ದೆವು. ಅಲ್ಲಿ ಹೆಬ್ಬೆರಳಿನ ಉಗುರಿನಷ್ಟೇ ಇರುವ ಒಂದು ಕಪ್ಪೆ, ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಹಾಗೆ ಕೂಗುತ್ತಿತ್ತು. ಆ ಕೂಗು ಬೇರೆ ಯಾವ ಹಳ್ಳದಲ್ಲೂ ತಂಗಿಗೆ ಸಿಕ್ಕಿರಲಿಲ್ಲ. ಕಳೆದ ಮಳೆಗಾಲದ ಕೊನೆಗೆ ಗುಡ್ಡ ಜರಿದು ಆ ಹಳ್ಳವೇ ಮುಚ್ಚಿಹೋಯಿತು. ಈಗ ಅಲ್ಲಿ ಕೆಂಪು ಮಣ್ಣು ಮತ್ತು ಬುಡಮೇಲಾದ ಮರಗಳಿವೆ. ಆಮೇಲೆ ಆ ಕೂಗು ಉಳಿದಿದ್ದು ತಂಗಿಯ ಹಾರ್ಡ್ ಡಿಸ್ಕಿನಲ್ಲಿ ಮಾತ್ರ. ಇಸ್ಪೀಟ್ ಕಟ್ಟಿನ ಗಾತ್ರದ ಒಂದು ಕಪ್ಪು ಡಬ್ಬಿ.

ಅದನ್ನು ಅವಳು ನನ್ನ ಕೈಗೆ ಕೊಟ್ಟಿದ್ದು ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ. ಅವಳ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿತ್ತು. ಅವಳು ಹತ್ತು ದಿನದ ತರಬೇತಿಗೆ ಹೊರಟಿದ್ದಳು. ಹಳೆಯ ಡಬ್ಬಿಯ ಜೊತೆ ಒಂದು ಹೊಸ ಡಬ್ಬಿಯನ್ನೂ ಕೊಟ್ಟಳು.

“ಮೊದಲನೇ ವರ್ಷದ್ದು ನಮ್ಮ ಗೈಡ್ ಹತ್ರ ಇದೆ, ಅದರಲ್ಲಿ ಬೆತ್ತದ ಹಳ್ಳ ಇಲ್ಲ. ಆಮೇಲಿನ ಎರಡು ಮಳೆಗಾಲದ್ದು ಇದರಲ್ಲಿ ಮಾತ್ರ ಇರೋದು ಅಣ್ಣ. ನಿನ್ನ ಜೆರಾಕ್ಸ್ ಅಂಗಡಿ ಸ್ನೇಹಿತರ ಹತ್ರ ಹೋಗಿ ಹೊಸದಕ್ಕೆ ಕಾಪಿ ಮಾಡ್ಸಿಡು. ಒಂದು ದಿನದ ಕೆಲಸ.”

“ನಾಳೆಯೇ ಮಾಡಿಸ್ತೀನಿ” ಎಂದೆ.

ಎರಡನ್ನೂ ಜೀಪಿನ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಹಾಕಿದೆ. ಅದರಲ್ಲಿ ಸ್ಪ್ಯಾನರುಗಳಿದ್ದವು, ಫ್ಯೂಸುಗಳಿದ್ದವು, ಒಂದು ಹಳೆಯ ಪಂಪಿನ ವಾಶರುಗಳಿದ್ದವು. ಆ ಜೀಪಿನಲ್ಲೇ ಎರಡು ಸಲ ಕಳಸಕ್ಕೆ ಹೋಗಿ ಬಂದೆ, ಎಸ್ಟೇಟುಗಳ ಕಲ್ಲು ರಸ್ತೆಯಲ್ಲಿ ಹತ್ತಿ ಇಳಿದೆ. ತಂಗಿ ಫೋನು ಮಾಡಿದಾಗಲೆಲ್ಲ ಕೇಳುತ್ತಿದ್ದಳು, “ಕಾಪಿ ಆಯ್ತಾ?” ನಾನು “ಆಗ್ತಾ ಇದೆ ಮಾರಾಯ್ತಿ, ದೊಡ್ಡದಲ್ವಾ ಅದು” ಎನ್ನುತ್ತಿದ್ದೆ. ಡಬ್ಬಿ ಸ್ಪ್ಯಾನರುಗಳ ನಡುವೆ ಕುಣಿಯುತ್ತಿತ್ತು.

ಒಂಬತ್ತನೇ ದಿನ, ಅವಳು ಬರುವ ಹಿಂದಿನ ದಿನ ಮಧ್ಯಾಹ್ನ, ಜೆರಾಕ್ಸ್ ಅಂಗಡಿಗೆ ಹೋದೆ. ಸ್ನೇಹಿತ ಕಂಪ್ಯೂಟರಿಗೆ ವಯರು ಚುಚ್ಚಿದ. ನೀಲಿ ದೀಪ ಹತ್ತಿತು. ಪರದೆಯಲ್ಲಿ ಏನೂ ಬರಲಿಲ್ಲ. ಡಬ್ಬಿಯ ಒಳಗಿನಿಂದ ಸದ್ದು ಬಂತು. ಟಕ್. ಟಕ್. ಟಕ್. ಆಮೇಲೆ ಮೌನ. ಮತ್ತೆ ಟಕ್, ಟಕ್, ಟಕ್.

“ಒಳಗೆ ಎಂತದೋ ಸಿಕ್ಕಿಕೊಂಡಿದೆ ಮಾರಾಯ” ಎಂದ ಸ್ನೇಹಿತ.

ನನ್ನ ಜೇಬಿನಲ್ಲಿ ಸಣ್ಣ ಸ್ಪ್ಯಾನರಿತ್ತು. ಅದನ್ನು ಯಾವಾಗ ತೆಗೆದೆನೋ ಗೊತ್ತಿಲ್ಲ. ಡಬ್ಬಿಯ ಮೇಲೆ ಎರಡು ಸಲ ತಟ್ಟಿದೆ. ಟಕ್ ಟಕ್ ನಿಂತಿತು. ಒಳಗೆ ಏನೋ ತಿರುಗತೊಡಗಿತು. ಪರದೆಯಲ್ಲಿ ಫೋಲ್ಡರುಗಳು ಬಂದವು. ಹಳ್ಳಗಳ ಹೆಸರನ್ನು ತಂಗಿ ಕನ್ನಡದಲ್ಲೇ ಬರೆದಿದ್ದಳು. ನಾಲ್ಕನೆಯದು ‘ಬೆತ್ತದ ಹಳ್ಳ’.

“ಅರೇ, ಜೀಪ್ ಡಾಕ್ಟ್ರು ಕಂಪ್ಯೂಟರ್ ಡಾಕ್ಟ್ರೂ ಆದ್ರಲ್ಲೋ!” ಎಂದು ಸ್ನೇಹಿತ ನನ್ನ ಬೆನ್ನಿಗೆ ಗುದ್ದಿದ. ನಾನೂ ನಕ್ಕೆ.

ಆ ನಗು ಮುಗಿಯುವ ಮೊದಲೇ ಸದ್ದು ಬದಲಾಯಿತು. ಕೊರ್ರ್ ಎಂದು ಸಣ್ಣಗೆ ಕೆರೆದ ಸದ್ದು. ಫೋಲ್ಡರುಗಳು ಮಾಯವಾದವು.

ಆ ಸದ್ದು ನನಗೆ ಗೊತ್ತು. ಬ್ರೇಕ್ ಲೈನರ್ ಪೂರ್ತಿ ಸವೆದು ಕಬ್ಬಿಣ ಚಕ್ರದ ಡ್ರಮ್ಮಿಗೆ ತಾಗಿದಾಗ ಅದೇ ಸದ್ದು ಬರುತ್ತದೆ. ಆ ಸದ್ದು ಮಾಡುತ್ತ ಯಾರಾದರೂ ಶೆಡ್ಡಿಗೆ ಗಾಡಿ ತಂದರೆ, “ಇನ್ನು ಒಂದು ಸುತ್ತೂ ತಿರುಗಿಸ್ಬೇಡಿ, ಡ್ರಮ್ ತಿಂದುಹೋಗುತ್ತೆ” ಎಂದು ನಾನೇ ಬೈಯುತ್ತೇನೆ. ಸದ್ದು ಏನು ಹೇಳುತ್ತಿದೆ ಎಂದು ಚೆನ್ನಾಗಿ ಗೊತ್ತಿದ್ದರೂ ನಾನು ಹೇಳಿದ್ದು ಬೇರೆ. “ತೆಗೆದು ಮತ್ತೆ ಹಾಕು. ಇನ್ನೊಂದು ಸಲ.”

ಅವನು ಹಾಕಿದ. ಕೊರ್ರ್. ತಟ್ಟಿದೆ. ಮತ್ತೆ ಹಾಕಿಸಿದೆ. ಒಟ್ಟು ನಾಲ್ಕು ಸಲ. ಕೊನೆಗೆ ಸ್ನೇಹಿತನೇ ವಯರು ಕಿತ್ತು ಕೆಳಗಿಟ್ಟು, “ಸಾಕು ಬಿಡು ಮಾರಾಯ, ನಂಗೆ ಹೆದರಿಕೆ ಆಗ್ತಿದೆ” ಎಂದ.

ಮರುದಿನ ತಂಗಿ ಬಸ್ಸಿನಿಂದ ಇಳಿದಾಗ ಎರಡು ಡಬ್ಬಿಗಳನ್ನೂ ಕೈಯಲ್ಲಿ ಹಿಡಿದು ನಿಂತಿದ್ದೆ. “ಓಪನ್ ಆಗ್ತಿಲ್ಲ. ಟಕ್ ಟಕ್ ಅಂತ ಸದ್ದು ಬರ್ತದೆ” ಎಂದೆ.

“ಕಾಪಿ?”

“ಆಗಿಲ್ಲ.”

“ಆಗ್ತಾ ಇದೆ ಅಂದಿದ್ಯಲ್ಲ?”

ಅವಳು ಬ್ಯಾಗನ್ನು ರಸ್ತೆ ಬದಿಯಲ್ಲೇ ಇಟ್ಟು, ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದಳು. ಒಳಗೆ ಕರೆಂಟಿಲ್ಲ, ಸದ್ದು ಎಲ್ಲಿಂದ ಬರಬೇಕು? ಆದರೂ ಹಿಡಿದುಕೊಂಡೇ ನಿಂತಿದ್ದಳು. ಅವಳು ಅಳಲಿಲ್ಲ, ಬೈಯಲಿಲ್ಲ. “ಬೆತ್ತದ ಹಳ್ಳ” ಎಂದಳು, ಅಷ್ಟೇ.

ಅವತ್ತೇ ಚಿಕ್ಕಮಗಳೂರಿಗೆ ಹೋದೆವು. ಆಲ್ದೂರಿನಲ್ಲಿ ಬಸ್ಸು ನಿಂತಾಗ ಅವಳು ಒಂದೇ ಕೇಳಿದಳು, “ಬಿದ್ದಿತ್ತಾ ಅಣ್ಣ?” ನಾನು “ಇಲ್ಲ” ಎಂದೆ. ಅದು ಸುಳ್ಳಲ್ಲ. ಬಿದ್ದಿರಲಿಲ್ಲ. ಅಷ್ಟು ನಿಜಕ್ಕೇ ಜೋತುಬಿದ್ದು ಉಳಿದ ದಾರಿ ಕಳೆದೆ.

ಪೇಟೆಯಲ್ಲಿ ಒಂದು ಕಂಪ್ಯೂಟರ್ ಅಂಗಡಿ. ಬೋರ್ಡಿನಲ್ಲಿ ‘ಡೇಟಾ ರಿಕವರಿ’ ಎಂದು ದೊಡ್ಡದಾಗಿತ್ತು. ಅಂಗಡಿಯವರು ನನ್ನ ವಯಸ್ಸಿನವರು, ಮಾತಿನಲ್ಲಿ ಬಹಳ ಧೈರ್ಯ.

“ಕೊಡಿ ಮೇಡಂ. ಸಾಫ್ಟ್‌ವೇರ್ ಹಾಕಿ ಸ್ಕ್ಯಾನ್‌ಗೆ ಬಿಟ್ರೆ ನಾಳೆ ಸಂಜೆಯೊಳಗೆ ಎಲ್ಲಾ ಹೊರಗೆ ಬರುತ್ತೆ. ಇಂಥವು ದಿನಾ ಬರ್ತವೆ ನಮಗೆ.”

ತಂಗಿ ಕೊಟ್ಟಳು. ಅವರು ಒಂದು ಪ್ರಶ್ನೆಯನ್ನೂ ಕೇಳದೆ ವಯರು ತೆಗೆದುಕೊಂಡರು. ನಾಳೆ ಸಂಜೆಯವರೆಗೆ ಆ ಡಬ್ಬಿ ಕೊರ್ರ್ ಎಂದು ತಿರುಗುತ್ತಲೇ ಇರುವುದು ನನ್ನ ಕಣ್ಣಿಗೆ ಕಟ್ಟಿತು. ಮೇಜಿನ ಮೇಲೆ ಬಗ್ಗಿ ಅವರ ಕೈಯಿಂದಲೇ ಕಿತ್ತುಕೊಂಡೆ.

“ಇದೇನ್ರೀ?” ಎಂದರು ಅವರು.

“ಬೇಡ ಸಾರ್. ಆನ್ ಮಾಡೋದು ಬೇಡ.”

ಹೊರಗೆ ಬಂದ ಮೇಲೆ ತಂಗಿ ರೇಗಿದಳು. “ಎಂತಕ್ಕೆ ಹಂಗೆ ಮಾಡ್ದೆ? ಅವರು ಮಾಡೋ ಕೆಲಸ ಅದು. ನಿಂಗೆಂತ ಗೊತ್ತು ಅದರ ವಿಷಯ?”

ಗೊತ್ತಿದ್ದುದನ್ನು ಹೇಳಬೇಕಾದರೆ ಕೊರ್ರ್ ಸದ್ದಿನ ವಿಷಯ ಹೇಳಬೇಕು. ಅದನ್ನು ಹೇಳಿದರೆ ಸ್ಪ್ಯಾನರಿನ ವಿಷಯ ಬರುತ್ತದೆ. “ಅವರು ಎಂತ ಆಯ್ತು ಅಂತ ಕೇಳಲೇ ಇಲ್ಲ” ಎಂದೆ. “ಎಂತ ಆಯ್ತು ಅಂತ ಕೇಳದೆ ಕೈ ಹಾಕೋ ಮೆಕ್ಯಾನಿಕ್ ಹತ್ರ ನಾನು ಗಾಡಿ ಬಿಡಲ್ಲ.”

ಆ ಮಾತು ಅವಳಿಗೆ ನಾಟಿತು. ಹೋಟೆಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ಫೋನಿನಲ್ಲಿ ಹುಡುಕತೊಡಗಿದಳು. ಎದುರಿಗಿದ್ದ ಕಾಫಿ ಕೆನೆಗಟ್ಟಿ ತಣ್ಣಗಾಯಿತು. ಮೊದಲು ಫೋನು ಮಾಡಿದ ಕಡೆ ಒಬ್ಬರು, “ನೂರಕ್ಕೆ ನೂರು ಗ್ಯಾರಂಟಿ ಮೇಡಂ, ಕೊರಿಯರ್ ಮಾಡಿ” ಎಂದರು. ಸ್ಪೀಕರಿನಲ್ಲಿ ನಾನೂ ಕೇಳುತ್ತಿದ್ದೆ. “ಡಬ್ಬಿ ನೋಡದೆ ಗ್ಯಾರಂಟಿ ಹೆಂಗೆ ಕೊಡ್ತಾರೆ ಕೇಳು” ಎಂದೆ. ಕೇಳಿದಳು. ಅವರು ಮತ್ತೆ ಗ್ಯಾರಂಟಿ ಎಂದರು. “ನಿಮ್ಮ ಲ್ಯಾಬ್ ಎಲ್ಲಿದೆ? ಬಂದು ನೋಡಬಹುದಾ?” ಎಂದಾಗ, ಅವರದು ಡಬ್ಬಿ ಇಸಿದುಕೊಳ್ಳುವ ಆಫೀಸು ಮಾತ್ರ, ಕೆಲಸ ನಡೆಯುವುದು ಬೇರೆಲ್ಲೋ ಎಂದು ಗೊತ್ತಾಯಿತು. ಅದು ಎಲ್ಲಿ ಎಂದು ಹೇಳಲು ಅವರಿಗೆ ಆಗಲಿಲ್ಲ.

ಎರಡನೆಯದು ಬೆಂಗಳೂರಿನ ಒಂದು ಲ್ಯಾಬು. ಫೋನು ಎತ್ತಿದ್ದು ಒಬ್ಬ ಹೆಂಗಸು. ತಂಗಿ “ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ...” ಎನ್ನುತ್ತಿದ್ದಂತೆ ಅವರು ಮಧ್ಯದಲ್ಲೇ ತಡೆದರು.

“ಈಗ ಅದು ಕಂಪ್ಯೂಟರಿಗೆ ಹಾಕಿದೆಯಾ? ಹಾಕಿದ್ರೆ ಮೊದಲು ತೆಗೀರಿ. ನಾವು ನೋಡೋ ತನಕ ಯಾರ ಹತ್ರಾನೂ ಆನ್ ಮಾಡಿಸ್ಬೇಡಿ. ನೀವೂ ಮಾಡ್ಬೇಡಿ.”

ನಾನು ಕಾಫಿ ಲೋಟ ಕೆಳಗಿಟ್ಟೆ. ಜೀಪು ಹಳ್ಳ ದಾಟುವಾಗ ಇಂಜಿನ್ನಿಗೆ ನೀರು ನುಗ್ಗಿ ನಿಂತರೆ ಡ್ರೈವರುಗಳು ಗಾಬರಿಯಿಂದ ನನಗೆ ಫೋನು ಮಾಡುತ್ತಾರೆ. ನನ್ನ ಬಾಯಿಂದ ಬರುವ ಮೊದಲ ಮಾತು, “ಮೊದಲು ಸೆಲ್ಫ್ ಹೊಡಿಬೇಡಿ.” ನೀರು ತುಂಬಿದ ಇಂಜಿನ್ನಿಗೆ ಸೆಲ್ಫ್ ಹೊಡೆದರೆ ಒಳಗಿನ ರಾಡು ಬಾಗುತ್ತದೆ. ನೀರಿನಿಂದ ಆಗುವ ನಷ್ಟಕ್ಕಿಂತ ಗಾಬರಿಯಲ್ಲಿ ಹೊಡೆದ ಸೆಲ್ಫಿನಿಂದ ಆಗುವ ನಷ್ಟ ಹೆಚ್ಚು. ಈ ಹೆಂಗಸು ಹೇಳಿದ್ದೂ ಅದನ್ನೇ.

“ಇವರೇ” ಎಂದು ತಂಗಿಗೆ ಸನ್ನೆ ಮಾಡಿದೆ.

ಅವರು ಗ್ಯಾರಂಟಿ ಕೊಡಲಿಲ್ಲ. ತೆರೆದು ನೋಡಿ ಎಷ್ಟು ಸಿಗಬಹುದು ಎಂದು ಬರೆದು ಕೊಡುತ್ತೇವೆ, ನೀವು ಒಪ್ಪಿದ ಮೇಲೇ ಮುಂದಿನ ಕೆಲಸ, ಬೇಕಾದ ಫೈಲು ಸಿಗದಿದ್ದರೆ ಹಣ ಬೇಡ ಎಂದರು. ಸಿಕ್ಕ ಫೈಲುಗಳ ಪಟ್ಟಿಯನ್ನು ಮೊದಲು ತೋರಿಸುತ್ತೇವೆ ಎಂದರು. ಆಮೇಲೆ ಪ್ರಶ್ನೆ ಕೇಳತೊಡಗಿದರು. ಬಿದ್ದಿತ್ತಾ? ನೀರು ಬಿದ್ದಿತ್ತಾ? ಯಾರಾದರೂ ಬಿಚ್ಚಿದ್ರಾ? ತಂಗಿ ನನ್ನನ್ನು ನೋಡಿ ನೋಡಿ ಉತ್ತರ ಹೇಳುತ್ತಿದ್ದಳು.

“ಸದ್ದು ಬಂದ ಮೇಲೆ ಎಷ್ಟು ಸಲ ಆನ್ ಮಾಡಿದ್ರಿ?”

ತಂಗಿ ಫೋನನ್ನು ನನ್ನ ಕಡೆ ತಿರುಗಿಸಿದಳು.

“ಒಂದೇ ಸಲ ಮೇಡಂ” ಎಂದೆ.

ಊರಿಗೆ ವಾಪಸ್ ಬಂದು, ಅವರು ಹೇಳಿದ ಹಾಗೆ ಡಬ್ಬಿಯನ್ನು ಅಲುಗದಂತೆ ಕಟ್ಟಿದೆ. ಶೆಡ್ಡಿನಲ್ಲಿ ಜೀಪಿನ ಸೀಟಿನ ಹೊಸ ಸ್ಪಂಜಿತ್ತು. ಡಬ್ಬಿಯ ಅಳತೆಗೆ ಅದರಲ್ಲಿ ಗುಳಿ ಕತ್ತರಿಸಿ, ಮೇಲೆ ಇನ್ನೊಂದು ಪದರ ಇಟ್ಟು, ಗಟ್ಟಿಯಾದ ಸ್ಟೀಲ್ ಡಬ್ಬದಲ್ಲಿ ಕೂರಿಸಿದೆ. ಒಂಬತ್ತು ದಿನ ಸ್ಪ್ಯಾನರುಗಳ ನಡುವೆ ಕುಣಿಸಿದ ಕೈಯೇ ಅಷ್ಟು ಜೋಪಾನ ಮಾಡುತ್ತಿತ್ತು. ತಂಗಿ ಪಕ್ಕದಲ್ಲಿ ನಿಂತು, “ಎಷ್ಟು ಚಂದ ಮಾಡ್ದೆ ಅಣ್ಣ” ಎಂದಳು. ಅದಕ್ಕಿಂತ ಅವಳು ನನಗೆ ಎರಡು ಬಾರಿಸಿದ್ದರೆ ಹಗುರವಾಗುತ್ತಿತ್ತು.

ಮರುದಿನ ಬೆಳಗಿನ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟೆವು. ದಾರಿಯುದ್ದಕ್ಕೂ ಡಬ್ಬ ಅವಳ ತೊಡೆಯ ಮೇಲಿತ್ತು. ಮಲೆನಾಡಿನ ತಿರುವುಗಳಲ್ಲಿ ಬಸ್ಸು ಎತ್ತಿ ಹಾಕಿದಾಗಲೆಲ್ಲ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು.

ಲ್ಯಾಬು ಒಂದು ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಗಾಜಿನ ಗೋಡೆಯ ಆಚೆ ತಲೆಗೆ ಬಿಳಿ ಟೋಪಿ, ಬಾಯಿಗೆ ಬಟ್ಟೆ ಕಟ್ಟಿಕೊಂಡವರು ಕೆಲಸ ಮಾಡುತ್ತಿದ್ದರು. ಧೂಳಿನ ಒಂದು ಕಣ ಒಳಗೆ ಬಿದ್ದರೂ ಹಾಳಾಗುತ್ತದಂತೆ. ಫೋನಿನಲ್ಲಿ ಮಾತಾಡಿದ ಹೆಂಗಸೇ ಅಲ್ಲಿನ ಇಂಜಿನಿಯರು. ನಮಗೆ ಬಿಡಿಸಿ ಹೇಳಿದರು. ಒಳಗೆ ಕನ್ನಡಿಯ ಹಾಗೆ ಹೊಳೆಯುವ ತಟ್ಟೆಗಳಿರುತ್ತವೆ, ಅವು ಜೋರಾಗಿ ತಿರುಗುತ್ತವೆ. ಓದುವ ತಲೆ ತಟ್ಟೆಗೆ ತಾಗದೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಹಾರುತ್ತಿರುತ್ತದೆ. ತಲೆ ದಾರಿ ತಪ್ಪಿದರೆ ಟಕ್ ಎನ್ನುತ್ತದೆ. ತಾಗಿದರೆ ತಟ್ಟೆಯ ಮೇಲಿನ ಪದರವೇ ಕೆರೆದುಹೋಗುತ್ತದೆ. ಆ ಪದರದಲ್ಲೇ ಎಲ್ಲಾ ಇರುವುದು.

ಆಮೇಲೆ ಒಂದು ಫಾರಂ ತೆಗೆದರು. “ನೀವು ಫೋನಲ್ಲಿ ಹೇಳಿದ್ದನ್ನೇ ಬರೀತೀನಿ. ಬಿದ್ದಿಲ್ಲ, ಒಂದೇ ಸಲ ಆನ್ ಮಾಡಿದ್ದು. ಸರಿನಾ? ಹಾಗಾದ್ರೆ ಮೊದಲು ನಮ್ಮ ಮಷೀನಿಗೆ ಹಾಕಿ, ಒಂದು ಸಲ ತಿರುಗಿಸಿ ಸದ್ದು ಕೇಳ್ತೀವಿ. ಆಮೇಲೆ ಬಿಚ್ಚೋದಾ ಬೇಡ್ವಾ ಅಂತ ನೋಡೋಣ.”

ಒಂದು ಸಲ ತಿರುಗಿಸಿ.

ತಂಗಿ ಪೆನ್ನು ನನ್ನ ಕಡೆ ತಳ್ಳಿದಳು. ಕಾಪಿ ಮಾಡಿಸಲು ಒಪ್ಪಿಕೊಂಡವನು ನಾನಾದ್ದರಿಂದ ಸಹಿ ನಾನೇ ಹಾಕುತ್ತೇನೆ ಎಂದು ದಾರಿಯಲ್ಲಿ ಹೇಳಿದ್ದೆ. ಫಾರಂ ಪೂರ್ತಿ ಇಂಗ್ಲಿಷಿನಲ್ಲಿತ್ತು. ಪೆನ್ನು ಹಿಡಿದು ಕೂತೆ. ಸಹಿ ಹಾಕಿ ಎದ್ದರೆ ತಂಗಿಗೆ ಏನೂ ಗೊತ್ತಾಗುವುದಿಲ್ಲ. ಡಬ್ಬಿ ಇನ್ನೊಂದು ಸಲ ತಿರುಗುತ್ತದೆ. ಉಳಿದಿದ್ದೂ ಹೋದರೆ ಕೆಟ್ಟ ಡಬ್ಬಿ, ಕೆಟ್ಟ ಕಾಲ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಫಾರಮ್ಮನ್ನು ಮಗುಚಿ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದೆ. ‘ಒಂಬತ್ತು ದಿನ ಜೀಪಿನಲ್ಲಿ ಸ್ಪ್ಯಾನರ್ ಜೊತೆ ಇತ್ತು. ಟಕ್ ಟಕ್ ಬಂದಾಗ ಸ್ಪ್ಯಾನರಿನಿಂದ ತಟ್ಟಿದೆ. ಒಂದು ನಿಮಿಷ ಓಪನ್ ಆಯಿತು. ಆಮೇಲೆ ಕೆರೆಯುವ ಸದ್ದು ಬಂತು. ಅದಾದ ಮೇಲೂ ನಾಲ್ಕು ಸಲ ಆನ್ ಮಾಡಿಸಿದೆ. ಮಧ್ಯೆ ಮತ್ತೆ ತಟ್ಟಿದೆ.’ ಇಂಜಿನಿಯರ್ ಕಡೆ ಕೊಟ್ಟೆ. ಅವರು ಓದಿ ಕಾಗದವನ್ನು ತಂಗಿಯ ಮುಂದಿಟ್ಟರು.

ತಂಗಿ ಓದಿದಳು. ಮತ್ತೊಂದು ಸಲ ಮೊದಲಿನಿಂದ ಓದಿದಳು.

“ಆ ಕೆರೆಯೋ ಸದ್ದು,” ಎಂದಳು, “ಎಂತ ಸದ್ದು ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ನಾಲ್ಕು ಸಲ?”

“ಹೂಂ.”

ಅವಳು ಎದ್ದು ಹೊರಗೆ ಹೋದಳು. ಮೆಟ್ಟಿಲಿನ ಮೇಲೆ ಕುಳಿತ ಅವಳ ಬೆನ್ನು ಗಾಜಿನಲ್ಲಿ ಕಾಣುತ್ತಿತ್ತು.

ಇಂಜಿನಿಯರ್ ಫಾರಂ ಎಳೆದುಕೊಂಡು ಮೊದಲು ಬರೆದಿದ್ದನ್ನು ಗೀಟು ಹಾಕಿ ಹೊಡೆದರು. “ಇದನ್ನ ತಿರುಗಿಸೋದೇ ಇಲ್ಲ” ಎಂದರು. “ನೇರ ಬಿಚ್ತೀವಿ. ಇದೇ ಮಾಡೆಲಿನ ಇನ್ನೊಂದು ಡಿಸ್ಕಿನಿಂದ ತಲೆ ತೆಗೆದು ಇದಕ್ಕೆ ಹಾಕ್ಬೇಕು. ಕೆರೆದಿರೋ ಜಾಗ ಬಿಟ್ಟು ಚೆನ್ನಾಗಿರೋ ಜಾಗ ಮೊದಲು ಕಾಪಿ ಮಾಡ್ತೀವಿ. ಕೊನೆಗೆ ಕೆಟ್ಟ ಜಾಗ.” ಫಾರಂ ನನ್ನ ಕಡೆ ತಳ್ಳುತ್ತ ಹೇಳಿದರು, “ಇಲ್ಲಿಗೆ ಬರೋರಲ್ಲಿ ಯಾರೂ ಇದನ್ನ ಹೇಳಲ್ಲ ಸಾರ್. ನಾವು ಬಿಚ್ಚಿದ ಮೇಲೆ ತಟ್ಟೆ ನೋಡಿ ಕಂಡುಹಿಡಿಯೋದು.”

ಬೇರೆಯವರ ಗಾಡಿಯಿಂದ ಸಾಮಾನು ಬಿಚ್ಚಿ ಇನ್ನೊಂದಕ್ಕೆ ಹಾಕುವುದು ನಮ್ಮಲ್ಲೂ ಉಂಟು. ಬೇರೆ ದಿನವಾಗಿದ್ದರೆ ಅದನ್ನು ಹೇಳಿ ಒಂದು ಮಾತು ಆಡುತ್ತಿದ್ದೆ. ಅವತ್ತು ಸಹಿ ಹಾಕಿ ಎದ್ದೆ.

ವಾಪಸ್ ಬರುವಾಗ ತಂಗಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕುಳಿತಳು. ನಾನು ಕೊನೆಯ ಸಾಲಿನಲ್ಲಿ. ಅವಳು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಆಮೇಲೆ ಮೂರು ವಾರ ಮನೆಯಲ್ಲಿ ಊಟಕ್ಕೆ ಕರೆಯುವುದು, ಬಾಗಿಲು ಹಾಕು ಎನ್ನುವುದು, ಇಷ್ಟೇ ಮಾತು.

ಲ್ಯಾಬಿನಿಂದ ಪಟ್ಟಿ ಬಂದ ದಿನ ಅವಳೇ ಶೆಡ್ಡಿಗೆ ಬಂದಳು. ನಾನು ಜೀಪಿನ ಕೆಳಗಿದ್ದೆ. ಅವಳ ಚಪ್ಪಲಿ ಮಾತ್ರ ಕಾಣುತ್ತಿತ್ತು.

“ತಟ್ಟೆಯ ಒಂದು ಮುಖ ಪೂರ್ತಿ ಹೋಗಿದೆಯಂತೆ” ಎಂದಳು. “ಬೇರೆ ಹಳ್ಳದ್ದು ಮುಕ್ಕಾಲು ಪಾಲು ಬಂದಿದೆ. ಬೆತ್ತದ ಹಳ್ಳದ್ದು ಹನ್ನೊಂದು ಸಂಜೆ ಇತ್ತು. ಆರು ಸಿಕ್ಕಿದೆ.”

ಹೊರಗೆ ಬಂದೆ. ಕೈಯ ಗ್ರೀಸು ಒರೆಸಿಕೊಳ್ಳುವುದನ್ನೂ ಮರೆತಿದ್ದೆ. ಪರೀಕ್ಷೆಗೆಂದು ಲ್ಯಾಬಿನವರು ಕಳಿಸಿದ್ದ ಒಂದು ಫೈಲನ್ನು ಅವಳು ಫೋನಿನಲ್ಲಿ ಹಾಕಿದಳು. ಮೊದಲು ಕೇಳಿಸಿದ್ದು ನನ್ನ ಜೀಪಿನ ಇಂಜಿನ್ನು. ಆಮೇಲೆ ಅವಳ ದನಿ, “ಅಣ್ಣ, ಆಫ್ ಮಾಡು.” ಇಂಜಿನ್ ನಿಂತಿತು. ನೀರಿನ ಸದ್ದು. ಬಹಳ ಹೊತ್ತು ಬರೀ ನೀರು. ಆಮೇಲೆ ಗಾಜಿನ ಲೋಟಕ್ಕೆ ಚಮಚ ತಾಗಿದ ಹಾಗೆ, ಟಿಣ್. ಸ್ವಲ್ಪ ದೂರದಿಂದ ಇನ್ನೊಂದು, ಟಿಣ್.

ಇಬ್ಬರೂ ಶೆಡ್ಡಿನ ಮಧ್ಯೆ ನಿಂತು ಕೇಳಿದೆವು. ಮಣ್ಣಿನ ಕೆಳಗೆ ಹೋದ ಹಳ್ಳ ಅವಳ ಅಂಗೈಯಲ್ಲಿ ಹರಿಯುತ್ತಿತ್ತು. ನಾನು ಅಳತೊಡಗಿದೆ. “ಸಾಕು, ಅಳ್ಬೇಡ. ಕಪ್ಪೆ ಕೂಗು ಕೇಳ್ಸಲ್ಲ” ಎಂದಳು.

ಈಗ ಡಬ್ಬಿಯ ಮೂರು ಕಾಪಿಗಳಿವೆ. ಒಂದು ಗೈಡ್ ಹತ್ತಿರ, ಒಂದು ಅವಳ ಹತ್ತಿರ, ಒಂದು ಮನೆಯ ಬೀರುವಿನಲ್ಲಿ. ನನ್ನ ಕೈಗೆ ಯಾವುದನ್ನೂ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಕಳೆದ ತಿಂಗಳು ಅವಳು ಥೀಸಿಸ್ ಬರೆಯುತ್ತಿದ್ದಳು. ಅದರಲ್ಲಿ ಒಂದು ಟೇಬಲ್ಲು, ಪ್ರತಿ ಸಂಜೆಗೂ ಒಂದು ಸಾಲು. ಬೆತ್ತದ ಹಳ್ಳದ ಐದು ಸಾಲುಗಳು ಖಾಲಿ. ಖಾಲಿ ಇದ್ದರೆ ಕಾರಣ ಬರೆಯಬೇಕಂತೆ. “ಗೈಡ್ ‘ಉಪಕರಣ ವೈಫಲ್ಯ’ ಅಂತ ಬರಿ ಅಂದ್ರು” ಎಂದಳು.

“ಅದು ಸುಳ್ಳು” ಎಂದೆ. “ಉಪಕರಣ ಟಕ್ ಟಕ್ ಅಂತ ಹೇಳ್ತು. ಕೇಳದೆ ಇದ್ದವನು ನಾನು. ಇದ್ದದ್ದನ್ನೇ ಬರಿ.”

ಅವಳು ಇಂಗ್ಲಿಷಿನಲ್ಲಿ ಏನೋ ಟೈಪ್ ಮಾಡಿ ಕನ್ನಡದಲ್ಲಿ ಓದಿ ಹೇಳಿದಳು. “ಡಿಸ್ಕ್ ಕೆಟ್ಟ ಮೇಲೆ ಅದನ್ನು ತಟ್ಟಿ ಹಲವು ಸಲ ಚಾಲೂ ಮಾಡಿದ್ದರಿಂದ ಈ ಧ್ವನಿಗಳು ನಷ್ಟವಾದವು.”

“ಯಾರು ತಟ್ಟಿದ್ದು ಅಂತ ಹಾಕ್ಲಿಲ್ಲ?”

“ಅದಕ್ಕೆ ಕಾಲಂ ಇಲ್ಲ ಅಣ್ಣ.”

ಹಾಗಾಗಿ ಅದನ್ನು ನಾನು ಇಲ್ಲಿ ಬರೆದೆ.